ನನ್ನ ಗಾಜಿನಲ್ಲಿ ಮಲಗಿದ ಎಲ್ಲವ್ವ

ನಾನೊಂದು ಕಪ್ಪು-ಬಿಳುಪು ಟಿ.ವಿ. ಈಗ ನನ್ನನ್ನು ಕಂಡವರು ಯಾರೂ ಹಾಗೆನ್ನುವುದಿಲ್ಲ, "ಆ ಕಪಾಟು" ಅನ್ನುತ್ತಾರೆ. ಅನ್ನಲಿ ಬಿಡಿ. ಹುಟ್ಟಿದ್ದಂತೂ ಟಿ.ವಿ.ಯಾಗಿಯೇ.

ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ, ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ನಾನು ಹುಟ್ಟಿದೆ. ಸಾಲಾಗಿ ಕೂತ ಹೆಣ್ಣುಮಕ್ಕಳು ಮಾತಾಡುತ್ತ ಮಾತಾಡುತ್ತಲೇ ನನ್ನ ತಂತಿಗಳಿಗೆಲ್ಲ ಬೆಸುಗೆ ಹಾಕಿದರು. ಒಬ್ಬ ಬಡಗಿ ನನಗೆ ಮರದ ಮೈ, ನಾಲ್ಕು ಓರೆ ಕಾಲು, ಎಡಕ್ಕೂ ಬಲಕ್ಕೂ ಸರಿಯುವ ಎರಡು ಬಾಗಿಲು, ಅದಕ್ಕೊಂದು ಬೀಗ ಕೊಟ್ಟ. ಕೊನೆಗೆ ಕನ್ನಡಕದ ಮನುಷ್ಯನೊಬ್ಬ ಬಂದು ನನ್ನ ತಲೆಗೊಂದು ಗುದ್ದು ಕೊಟ್ಟು, ಚಿತ್ರ ಅಲುಗಾಡದ್ದು ನೋಡಿ, "ಪಾಸ್" ಅಂದ. ಮುಂದೆ ಹನ್ನೆರಡು ವರ್ಷ ನನ್ನ ತಲೆಗೆ ಬಿದ್ದ ಗುದ್ದುಗಳಿಗೆ ಅದೇ ಬೋಣಿ.

ನನ್ನನ್ನು ಕೊಂಡವರು ಗದಗಿನ ಅಂದಾನಪ್ಪನವರು. ಅವರದೊಂದು ಮುದ್ರಣಾಲಯ. ಮುಂದೆ ಪ್ರೆಸ್ಸು, ಹಿಂದೆ ಮನೆ. ಅವರ ಹೆಂಡತಿ ನೀಲವ್ವ ನನಗೆ ವಿಭೂತಿ ಹಚ್ಚಿ, ಹೂ ಇಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಓಣಿಗೆಲ್ಲ ನಾನೊಬ್ಬನೇ ಟಿ.ವಿ. ರವಿವಾರ ಬಂತೆಂದರೆ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನನಗೂ ಸ್ವಲ್ಪ ಸೊಕ್ಕು ಬಂತು, ಸುಳ್ಳು ಯಾಕೆ ಹೇಳಲಿ.

ಬಾಗಿಲು ಸರಿಸುವ ಹಕ್ಕು ಮಾತ್ರ ಅವರ ಮಗಳು ಮಂಗಲಾಳದು. ಒಂಬತ್ತು ವರ್ಷದ ಹುಡುಗಿ. ಬೇರೆ ಯಾರಾದರೂ ಕೈ ಹಚ್ಚಿದರೆ ದೊಡ್ಡ ಜಗಳ.

ಆಗ ರವಿವಾರ ಬೆಳಿಗ್ಗೆ ವಿಲಾಯತಿಯ ಒಂದು ಧಾರಾವಾಹಿ ಬರುತ್ತಿತ್ತು. ಚುಕ್ಕಿಯಿಂದ ಚುಕ್ಕಿಗೆ ಹೋಗುವ ಒಂದು ಹಡಗು, ಅದರೊಳಗೆ ಒಂದಿಷ್ಟು ಮಂದಿ. ಓಣಿಯವರು ಅದಕ್ಕೆ "ಚುಕ್ಕಿ ಹಡಗು" ಎಂದೇ ಹೆಸರಿಟ್ಟರು. ನನ್ನ ಗಾಜಿನೊಳಗಿಂದಲೇ, ಅಷ್ಟು ಹತ್ತಿರದಿಂದ ನೋಡಿದವನು ನಾನು, ಹೇಳುತ್ತೇನೆ ಕೇಳಿ: ಆ ಹಡಗಿನ ಗೋಡೆಗಳೆಲ್ಲ ರಟ್ಟು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಇಡೀ ಹಡಗೇ ನಡುಗುತ್ತಿತ್ತು. ಅದರಲ್ಲೊಬ್ಬ ಕಬ್ಬಿಣದ ಮನುಷ್ಯ, ನೋಡಲು ನಮ್ಮ ಬಚ್ಚಲಿನಲ್ಲಿ ನೀರು ಕಾಯಿಸುವ ಬಂಬದ ಹಾಗೆ. ಆದರೂ ಜನ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹಡಗಿನಲ್ಲೊಂದು ಸಣ್ಣ ಹುಡುಗಿ, ಎಲಾ ಅಂತ ಹೆಸರು. ನಮ್ಮವರ ಬಾಯಲ್ಲಿ ಎರಡೇ ವಾರಕ್ಕೆ ಅವಳು ಎಲ್ಲವ್ವ ಆದಳು. ಮಂಗಲಾಗೆ ಅವಳೆಂದರೆ ಜೀವ.

ಮಾತೆಲ್ಲ ಇಂಗ್ಲಿಷು. ತಿಳಿಸಿ ಹೇಳುವವರು ಬೇಕಲ್ಲ? ಫಕೀರಪ್ಪ ಇದ್ದ. ಅಂದಾನಪ್ಪನವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಕಾಲೇಜಿನ ಪ್ರಶ್ನೆಪತ್ರಿಕೆ, ಸಾಹೇಬರ ಮನೆಯ ಲಗ್ನಪತ್ರಿಕೆ, ಎಲ್ಲ ಇಂಗ್ಲಿಷನ್ನೂ ಬೆರಳ ತುದಿಯಲ್ಲಿ ಜೋಡಿಸುತ್ತಿದ್ದ, ಅದೂ ಅಕ್ಷರ ತಿರುವುಮುರುವಾಗಿ. ಇಂಥವನಿಗೆ ಇಂಗ್ಲಿಷು ಬರುವುದಿಲ್ಲವೆಂದರೆ ಯಾರು ನಂಬುತ್ತಾರೆ? ನಿಜ ಏನೆಂದರೆ ಅವನಿಗೆ ಅಕ್ಷರಗಳ ಆಕಾರ ಗೊತ್ತು, ಅರ್ಥ ಒಂದೂ ಗೊತ್ತಿಲ್ಲ. ಮೊದಲನೇ ರವಿವಾರ ಯಾರೋ "ಏನಂದನೋ ಫಕೀರಪ್ಪ?" ಎಂದು ಕೇಳಿದಾಗ ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಬಾಯಿಗೆ ಬಂದದ್ದು ಹೇಳಿದ. ಜನ ತಲೆದೂಗಿದರು. ಆಮೇಲೆ ಬಿಡಲಾಗಲಿಲ್ಲ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹಡಗಿನ ನಾಯಕನಿಗೂ ಅದರಲ್ಲಿದ್ದ ಒಬ್ಬ ಗಡ್ಡದವನಿಗೂ ಅಣ್ಣತಮ್ಮಂದಿರ ಆಸ್ತಿ ಜಗಳ ಹಚ್ಚಿಕೊಟ್ಟವನು ಇವನೇ. ನಾನು ಸುಮ್ಮನಿದ್ದೆ. ನನಗೆ ಮಾತ್ರ ಇಂಗ್ಲಿಷು ಬರುತ್ತಿತ್ತೇ? ಮಾತು ನನ್ನ ಹೊಟ್ಟೆಯಿಂದ ಹೊರಗೆ ಹೋಗುತ್ತಿತ್ತು, ಅಷ್ಟೇ.

ಆ ವರ್ಷ ಆಷಾಢದಲ್ಲಿ ಮಂಗಲಾಗೆ ಮೆದುಳು ಜ್ವರ ಬಂತು. ನಾಲ್ಕೇ ದಿನ. ಹುಬ್ಬಳ್ಳಿಯ ದವಾಖಾನೆಗೆ ಒಯ್ದವರು ಬರಿಗೈಯಲ್ಲಿ ಬಂದರು.

ನೀಲವ್ವ ಕಂಬಕ್ಕೆ ಒರಗಿ ಕೂತರು. ಅಳುವುದಿಲ್ಲ, ಉಣ್ಣುವುದಿಲ್ಲ, ಸಣ್ಣ ಮಗ ಬಂದು ಸೆರಗು ಜಗ್ಗಿದರೂ ತಿರುಗಿ ನೋಡುವುದಿಲ್ಲ. ಮೂರನೇ ರವಿವಾರ ಅಂದಾನಪ್ಪನವರಿಗೆ ಮನೆಯ ಮೌನ ತಡೆಯಲಾಗಲಿಲ್ಲ. ತಾವೇ ಬಂದು ನನ್ನ ಬಾಗಿಲು ಸರಿಸಿ, "ಏನರ ಸಪ್ಪಳ ಇರಲಿ" ಅಂದರು. ನಾಲ್ಕಾರು ಮಂದಿ ಹಿಂಜರಿಯುತ್ತ ಬಂದು ಕೂತರು, ಫಕೀರಪ್ಪನೂ ಬಂದ.

ಅವತ್ತೇ ಅದು ಆಗಬೇಕೇ? ಹಡಗಿನವರು ಎಲ್ಲವ್ವನನ್ನು ಎತ್ತಿಕೊಂಡು ಬಂದು ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಅವಳ ಕಣ್ಣು ಮುಚ್ಚಿತ್ತು, ಮುಖ ಬಿಳಿಚಿತ್ತು. ಮುಚ್ಚಳ ಇಳಿಯಿತು. ಸುತ್ತ ನಿಂತವರು ತಲೆ ಬಾಗಿಸಿದರು. ನಾಯಕ ಏನೋ ಎರಡು ಮಾತು ಮೆಲ್ಲಗೆ ಆಡಿದ. ನನಗೆ ಎದೆ ಒಡೆದ ಹಾಗಾಯಿತು. ಇಂಥ ಮನೆಯಲ್ಲಿ, ಇಂಥ ತಾಯಿಯ ಮುಂದೆ, ಇನ್ನೊಂದು ಕೂಸಿನ ಸಾವು ತೋರಿಸಿದೆನಲ್ಲ ಅಂತ. ಕಣ್ಣು ಮುಚ್ಚಿಕೊಳ್ಳೋಣವೆಂದರೆ ಬಾಗಿಲು ನನ್ನ ಕೈಯಲ್ಲಿಲ್ಲ.

ಗೋಡೆ ನೋಡುತ್ತಿದ್ದ ನೀಲವ್ವ ತಿರುಗಿದರು. ಮೂರು ವಾರದಲ್ಲಿ ಅದೇ ಮೊದಲ ಮಾತು.

"ಸತ್ತಳೇನೋ ಫಕೀರಪ್ಪ?"

ಫಕೀರಪ್ಪ ನನ್ನ ಗಾಜನ್ನೊಮ್ಮೆ ನೋಡಿದ, ಅವರ ಮುಖವನ್ನೊಮ್ಮೆ ನೋಡಿದ. ಹುಡುಗಿ ಸತ್ತಿದ್ದಾಳೆ ಎಂದು ಅವನೂ ತಿಳಿದಿದ್ದ. ತಡವರಿಸುತ್ತ ಹೇಳಿದ:

"ಸತ್ತಿಲ್ರೀ ಅಕ್ಕಾರ. ಮಕ್ಕೊಂಡಾಳ. ಹಾದಿ ಭಾಳ ದೂರ ಐತಂತ, ಅದಕ್ಕ ಮಲಗಿಸ್ಯಾರ. ಅಲ್ಲಿ ಮುಟ್ಟಿದ ಮ್ಯಾಲ ಏಳತಾಳಂತ."

"ಎದ್ದಾಗ ಒಬ್ಬಾಕೆನ ಇರತಾಳೇನು?"

"ಇಲ್ರೀ. ಅಲ್ಲಿ ಮಂದಿ ಅದಾರ. ಬಾಗಲಾ ತಗದು ಒಳಗ ಕರಕೋತಾರ."

ನೀಲವ್ವ ಅವನ ಬೆವೆತ ಮುಖವನ್ನೇ ನೋಡಿದರು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಅರ್ಧ ರೊಟ್ಟಿ ತಿಂದರು. ಸಂಜೆ ಮಗನ ತಲೆ ಬಾಚಿದರು. ಮುಂದಿನ ವಾರದಿಂದ ಆ ಧಾರಾವಾಹಿ ಬರಲೇ ಇಲ್ಲ. ಅರ್ಧಕ್ಕೇ ನಿಲ್ಲಿಸಿ ಬೇರೇನೋ ಹಾಕಿದರು. ಎಲ್ಲವ್ವ ಎದ್ದದ್ದನ್ನು ಗದಗಿನಲ್ಲಿ ಯಾರೂ ನೋಡಲಿಲ್ಲ.

ಮೂರು ವರ್ಷದ ಮೇಲೆ ಬಣ್ಣದ ಟಿ.ವಿ. ಬಂತು. ಅಂದಾನಪ್ಪನವರು ನನ್ನನ್ನು ಫಕೀರಪ್ಪನಿಗೆ ಕೊಟ್ಟರು. ಅವನ ಮನೆ ಪಕ್ಕದ ಓಣಿಯಲ್ಲಿ, ಎರಡು ಖೋಲಿ. ಅಲ್ಲಿಯೇ ನನಗೆ ಗೊತ್ತಾದದ್ದು ಅವನ ಎದೆಯಲ್ಲಿ ಏನು ಕುದಿಯುತ್ತಿತ್ತೆಂದು. ಉಂಡು ಕೂತಾಗ ಹೆಂಡತಿ ಗಂಗವ್ವನ ಮುಂದೆ ಹೇಳುತ್ತಿದ್ದ: "ಮಗಳನ್ನ ಕಳಕೊಂಡ ತಾಯಿ ಮುಂದ ಸುಳ್ಳು ಹೇಳೇನಿ. ಆ ಅಕ್ಕಾರು ಅದನ್ನ ಖರೇ ಅಂತ ನಂಬ್ಯಾರ. ಈ ಪಾಪ ಎಲ್ಲಿ ತೊಳೀಲಿ?"

"ಆರಿದ ಬೂದಿ ಕೆದಕಬ್ಯಾಡ, ಸುಮ್ಮನಿರು," ಅನ್ನುತ್ತಿದ್ದಳು ಗಂಗವ್ವ.

ತೊಂಬತ್ತಾರರಲ್ಲಿ ನನ್ನ ಗಾಜಿನ ಬೆಳಕು ಹೋಯಿತು. ಚಿತ್ರ ಒಂದು ಗೆರೆಯಾಯಿತು, ಗೆರೆ ಒಂದು ಚುಕ್ಕೆಯಾಯಿತು, ಚುಕ್ಕೆಯೂ ಆರಿತು. ರಿಪೇರಿಯವನು ನನ್ನ ಹೊಟ್ಟೆಯೊಳಗಿನದನ್ನೆಲ್ಲ ತೆಗೆದುಕೊಂಡು ಹೋದ. ಉಳಿದ ಮರದ ಮೈಯನ್ನು ಫಕೀರಪ್ಪ ಪ್ರೆಸ್ಸಿಗೆ ತಂದು, ಒಳಗೊಂದು ಹಲಗೆ ಬಡಿದು, ಅಚ್ಚಿನ ಮೊಳೆಗಳ ಪೊಟ್ಟಣ ಇಟ್ಟುಕೊಂಡ. ಸೀಸದ ಭಾರಕ್ಕೆ ನನ್ನ ಕಾಲು ನಡುಗುತ್ತಿದ್ದವು. ಆದರೂ ಕೆಲಸ ಇತ್ತಲ್ಲ, ಅದೇ ಸಮಾಧಾನ.

ಅಂದಾನಪ್ಪನವರು ತೀರಿಕೊಂಡ ಮೇಲೆ ಪ್ರೆಸ್ಸು ಮುಚ್ಚಿತು. ಗುಜರಿಯವನು ಗಾಡಿ ತಂದ. ಮೊಳೆ ಹೋದವು, ಯಂತ್ರ ಹೋಯಿತು, ನನ್ನನ್ನೂ ತಲೆಕೆಳಗು ಮಾಡಿ ಗಾಡಿಗೆ ಹಾಕಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅಷ್ಟರಲ್ಲಿ ನೀಲವ್ವ ಹೊರಗೆ ಬಂದು, "ಆ ಪೆಟಗಿ ಬ್ಯಾಡ. ಇಳಸ್ರಿ," ಅಂದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಮತ್ತೆ ಹಳೆಯ ಪಡಸಾಲೆ ಸೇರಿದೆ. ಹೊಟ್ಟೆಯೊಳಗೆ ಅವರ ಗುಳಿಗೆ, ಕನ್ನಡಕ, ವಿದ್ಯುತ್ ಬಿಲ್ಲು. ಕೆಲವು ವರ್ಷದ ಮೇಲೆ ಹಪ್ಪಳದಷ್ಟು ತೆಳ್ಳಗಿನ ಒಬ್ಬನನ್ನು ತಂದು ನನ್ನ ತಲೆಯ ಮೇಲೆ ನಿಲ್ಲಿಸಿದರು. ಎಷ್ಟು ಬಣ್ಣ, ಎಷ್ಟು ಬಡಿವಾರ! ಅವನು ಏನು ತೋರಿಸುತ್ತಾನೋ ನನಗೆ ಕಾಣುವುದಿಲ್ಲ. ನೋಡುವವರ ಮುಖವಷ್ಟೇ ನನ್ನ ಪಾಲಿಗೆ.

ಕಳೆದ ಶ್ರಾವಣದ ಮಾತು. ನೀಲವ್ವನಿಗೆ ಎಪ್ಪತ್ತನಾಲ್ಕು. ಕಾಲೇಜಿಗೆ ಹೋಗುವ ಮೊಮ್ಮಗಳು ಸ್ಪಂದನಾ ಈ ತೆಳ್ಳಗಿನವನಲ್ಲಿ ಏನೋ ಒತ್ತುತ್ತ, "ಅಜ್ಜಿ, ಹಳೇ ಇಂಗ್ಲಿಷ್ ಸೀರಿಯಲ್ಲೆಲ್ಲ ಈಗ ಇದರಾಗ ಸಿಗತಾವು. ಕೆಳಗ ಕನ್ನಡದಾಗ ಬರದೂ ಬರತೈತಿ," ಅಂದಳು.

"ಹಂಗಾದ್ರ ನಮ್ಮ ಚುಕ್ಕಿ ಹಡಗ ಐತೇನು ನೋಡು."

"ಅದರ ಹೆಸರೇನು?"

ನೀಲವ್ವನಿಗೆ ಗೊತ್ತಿಲ್ಲ. "ಫಕೀರಪ್ಪಗ ಗೊತ್ತಿರತೈತಿ, ಕರಿ," ಅಂದರು.

ರವಿವಾರದ ಚಹಕ್ಕೆ ಅವನು ಹೇಗೂ ಬರುತ್ತಿದ್ದ. ಎಪ್ಪತ್ತು ದಾಟಿದ ಮುದುಕ, ಹೆಂಡತಿ ಇಲ್ಲ, ಕನ್ನಡಕಕ್ಕೆ ದಾರ. ವಿಷಯ ಕೇಳಿದ್ದೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ. "ನನಗೆಲ್ಲಿ ನೆನಪೈತ್ರೀ," ಅಂದ. ಸ್ಪಂದನಾ ಹಾಳೆ, ಪೆನ್ನು ಅವನ ಮುಂದೆ ಇಟ್ಟಳು. ಅವನಿಗೆ ಒಂದೊಂದು ಅಕ್ಷರವೂ ನೆನಪಿತ್ತು. ನನ್ನ ಗಾಜಿನಲ್ಲಿ ಮೂಡುತ್ತಿದ್ದ ಆ ಹೆಸರನ್ನು ಅವನ ಬೆರಳು ಎಷ್ಟು ಸಲ ಗಾಳಿಯಲ್ಲಿ ಜೋಡಿಸಿತ್ತೋ! ಒಂದು ಅಕ್ಷರ ತಪ್ಪಿಸಿ ಬರೆದಿದ್ದರೆ ಸಾಕಿತ್ತು, ಹುಡುಗಿಗೆ ಸಿಗುತ್ತಿರಲಿಲ್ಲ, ಅವನು ಪಾರಾಗುತ್ತಿದ್ದ. ಅವನು ತಪ್ಪಾಗಿಯೇ ಬರೆದ, ನಾನು ನೋಡಿದೆ. ಆಮೇಲೆ ಆ ಹಾಳೆಯನ್ನೇ ದಿಟ್ಟಿಸಿ ಕೂತ. ಜೀವಮಾನದಲ್ಲಿ ಬೇಕೆಂದು ಒಂದು ಮೊಳೆಯನ್ನೂ ತಪ್ಪು ಕೂಡಿಸದವನು. ತಡೆಯಲಾಗಲಿಲ್ಲ. ಹೊಡೆದು ಹಾಕಿ, ಕೆಳಗೆ ಸರಿಯಾಗಿ ಬರೆದುಕೊಟ್ಟ.

ಧಾರಾವಾಹಿ ಸಿಕ್ಕಿತು. ನೀಲವ್ವ ಒಂದಾದ ಮೇಲೊಂದು ಕಂತು ನೋಡಬೇಕೆಂದು ಹಟ ಹಿಡಿದರು, ರವಿವಾರಕ್ಕೆ ಎರಡು. ಕೆಳಗೆ ಬರುವ ಕನ್ನಡವನ್ನು ಬೆರಳು ಮಾಡಿ ಗಟ್ಟಿಯಾಗಿ ಓದುತ್ತಿದ್ದರು. ನಾಯಕನಿಗೂ ಗಡ್ಡದವನಿಗೂ ಆಸ್ತಿ ಜಗಳ ಇರಲೇ ಇಲ್ಲ. ಗಡ್ಡದವನು ಹಡಗಿನ ಡಾಕ್ಟರು.

"ಅಜ್ಜಾ, ನೀವು ಹೇಳಿದ ಕಥಿನ ಬ್ಯಾರೆ ಇತ್ತಂತಲ್ಲ," ಎಂದು ಸ್ಪಂದನಾ ನಕ್ಕಳು. ಫಕೀರಪ್ಪನ ಕಿವಿ ಕೆಂಪಾದವು. ನೀಲವ್ವ ಮುಂದಿನ ಸಾಲು ಓದತೊಡಗಿದರು.

ಐದನೇ ರವಿವಾರ ಅವನು ಬರಲಿಲ್ಲ. ನೀಲವ್ವ ಮೊಮ್ಮಗಳನ್ನು ಕಳಿಸಿ ಕರೆಸಿದರು. ಬಂದವನು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂತ.

"ಅಕ್ಕಾರ, ಇದೊಂದು ಬಿಟ್ಟು ಮುಂದಿಂದು ಹಚ್ಚಸ್ರಿ."

"ಯಾಕ?"

ಅವನು ತಲೆ ತಗ್ಗಿಸಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸತೊಡಗಿದ. ನೀಲವ್ವ, "ಹಚ್ಚವ್ವಾ," ಅಂದರು.

ನನಗೆ ಚಿತ್ರ ಕಾಣುತ್ತಿರಲಿಲ್ಲ, ಆದರೆ ಆ ಸದ್ದು ಗೊತ್ತಿತ್ತು. ಗಾಜಿನ ಮುಚ್ಚಳ ಇಳಿಯುವ ಸದ್ದು. ಫಕೀರಪ್ಪ ಕಣ್ಣು ಮುಚ್ಚಿಕೊಂಡ. ನಾಯಕ ಆ ಎರಡು ಮಾತು ಆಡಿದ. ನೀಲವ್ವ ಬೆರಳು ಎತ್ತಿ, ಒಂದೊಂದೇ ಪದ ಓದಿದರು:

"ಅವಳು... ಸತ್ತಿಲ್ಲ. ನಿದ್ದೆಯಲ್ಲಿದ್ದಾಳೆ. ದಾರಿ ದೂರವಿದೆ. ತಲುಪಿದ ಮೇಲೆ... ಎಚ್ಚರಗೊಳ್ಳುತ್ತಾಳೆ."

ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. ಸ್ಪಂದನಾ ಅವರ ಮುಖ ನೋಡಿ ಧಾರಾವಾಹಿ ನಿಲ್ಲಿಸಿದಳು.

ಫಕೀರಪ್ಪ ಕಣ್ಣು ತೆರೆದ. "ಏನಂದ್ರಿ? ಇನ್ನೊಮ್ಮೆ ಓದ್ರಿ." ಅವರು ಇನ್ನೊಮ್ಮೆ ಓದಿದರು. ಅವನು ಕೂತಲ್ಲಿಯೇ ಅಳತೊಡಗಿದ, ಹೆಗಲ ಮೇಲಿನ ವಸ್ತ್ರ ಬಾಯಿಗೆ ಒತ್ತಿಕೊಂಡು.

"ನನಗ ಇಂಗ್ಲಿಷ್ ಬರೂದಿಲ್ರೀ ಅಕ್ಕಾರ. ಒಂದಕ್ಷರ ಬರೂದಿಲ್ಲ. ಅವತ್ತ ಬಾಯಿಗೆ ಬಂದದ್ದು ಹೇಳಿದೆ. ಆ ಹುಡುಗಿ ಸತ್ತಾಳ ಅಂತನ ತಿಳಕೊಂಡಿದ್ದೆ ನಾ."

"ನಿನಗ ಇಂಗ್ಲಿಷ್ ಬರೂದಿಲ್ಲ ಅನ್ನೂದು ನನಗ ಗೊತ್ತಿಲ್ಲೇನು?" ಅಂದರು ನೀಲವ್ವ. "ನೀ ಜೋಡಿಸಿದ್ದನ್ನ ತಿದ್ದಸಾಕ ಕಾಲೇಜ ಮಾಸ್ತರರ ಮನೀಗೆ ಕಳಸ್ತಿದ್ದಾಕಿ ಯಾರು? ನಾನ."

"ಮತ್ತ ಅವತ್ತ... ನೀವು ನಂಬಿದ್ರಲ್ಲ?"

"ಎಲ್ಲಿ ನಂಬಿದೆ? ಸುಳ್ಳು ಅಂತ ಆವಾಗ್ಲೆ ತಿಳೀತು. ಮೂರು ವಾರ ಮನೀಗೆ ಬಂದವರೆಲ್ಲ ದೇವರಿಚ್ಛಾ, ದೇವರಿಚ್ಛಾ ಅಂತ ಅಂದು ಹೋದ್ರು. ನೀ ಒಬ್ಬಾವ ನನ್ನ ಸಲುವಾಗಿ ಬೆವತು, ತಡವರಿಸಿ, ಒಂದು ಸುಳ್ಳು ಹುಟ್ಟಿಸಿದಿ. ಅದಕ್ಕ ಎದ್ದು ರೊಟ್ಟಿ ತಿಂದೆ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮೇಲೆ ನೋಡಿದರು. "ಈಗ ನೋಡಿದ್ರ, ನೀ ಖರೇನ ಹೇಳಿದ್ದಿ."

ಸ್ಪಂದನಾಳ ಕಣ್ಣೂ ತೇವವಾಗಿತ್ತು. "ಮುಂದಿನ ಕಂತು ಹಚ್ಚಲೇನಜ್ಜಿ?"

"ಗಡಿಬಿಡಿ ಏನೈತಿ? ಮೊದಲ ಚಾ ಮಾಡು," ಅಂದರು ನೀಲವ್ವ. "ಆಕಿ ಹೆಂಗೂ ಏಳತಾಳಲ್ಲ."

ಫಕೀರಪ್ಪ ಚಪ್ಪಲಿಗಳ ಪಕ್ಕದಿಂದ ಎದ್ದು ಬಂದು ಕುರ್ಚಿಯ ಮೇಲೆ ಕೂತ. ನಾನು ಗಾಜಿಲ್ಲದ ಮುದುಕ, ಮೂಲೆಯ ಕಪಾಟು. ಆದರೂ ಅವತ್ತು ನನ್ನ ನಾಲ್ಕೂ ಕಾಲು ಹಗುರಾದವು. ಒಂದು ಹಳೆಯ ರವಿವಾರ, ಮಗಳನ್ನು ಕಳೆದುಕೊಂಡ ಆ ತಾಯಿಯ ಮುಂದೆ, ನನ್ನ ಗಾಜಿನಲ್ಲಿ ಯಾರೂ ಸತ್ತಿರಲಿಲ್ಲ.