ಹೊತ್ತು ಮೀರಿತು ಅನ್ನೋಕೆ ನೀವ್ಯಾರು?

ದರ್ಜಿಯ ಕೈಯಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು.

ಶಾಲೆ ಶುರುವಾಗುವ ಕಾಲ. ಅಂಗಡಿ ತುಂಬ ಯೂನಿಫಾರಂ ಬಟ್ಟೆ. ದಪ್ಪ ಬಟ್ಟೆ ದಿನವಿಡೀ ಕತ್ತರಿಸಿದರೆ ಯಾವ ದರ್ಜಿಗಾದರೂ ಕೈ ಜೋಮು ಹಿಡಿಯುತ್ತದೆ. ಅದಕ್ಕೆ ಮದ್ದೂ ಅಂಗಡಿಯಲ್ಲೇ ಇದೆ: ಇಸ್ತ್ರಿಪೆಟ್ಟಿಗೆಯಲ್ಲಿ ಬಟ್ಟೆ ಕಾಯಿಸಿ ಕೈಗೆ ಸುತ್ತುವುದು. ಹೆಂಡತಿ ಅದನ್ನೇ ಮಾಡಿದಳು. ಅವಳ ಬೆರಳು ಚುರ್ ಅಂದಿತು. ಅವನು ಮಿಸುಕಲೇ ಇಲ್ಲ.

"ಬಿಸಿ ಗೊತ್ತಾಗ್ತಿಲ್ವೇನ್ರೀ?"

ಅವನು ಏನೋ ಅಂದ. ಬಾಯಲ್ಲಿ ಗುಂಡಿ ಇಟ್ಟುಕೊಂಡವನ ಮಾತಿನ ಹಾಗಿತ್ತು.

"ಬಾಯಲ್ಲಿರೋದನ್ನ ತೆಗೆದು ಮಾತಾಡ್ರೀ!"

ಬಾಯಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಹಿಂದಿನ ಬೀದಿಯ ನರ್ಸ್ ತನ್ನ ಕೋಟು ಕೇಳಲು ಬಂದಳು. ದರ್ಜಿಯ ಮುಖ ನೋಡಿದವಳೇ ಕೋಟು ಮರೆತಳು.

"ಅಣ್ಣಾ, ಒಂದ್ಸಲ ಹಲ್ಲು ಕಿಸೀರಿ ನೋಡೋಣ."

ನಗು ಒಂದೇ ಕಡೆಗೆ ಎಳೆಯಿತು. ಎರಡೂ ಕೈ ಎತ್ತಿ ಎಂದಾಗ ಬಲಗೈ ಸೋತು ಕೆಳಗಿಳಿಯಿತು.

"ಇದು ಜೋಮಲ್ಲ ಅಕ್ಕಾ, ಲಕ್ವ. ಮಿದುಳಿಗೆ ರಕ್ತ ಹೋಗೋ ದಾರೀಲಿ ಹೆಪ್ಪು ಕೂತಿದೆಯೋ, ರಕ್ತನಾಳ ಒಡೆದಿದೆಯೋ, ಸ್ಕ್ಯಾನ್ ಮಾಡಿದ್ರೇ ಗೊತ್ತಾಗೋದು. ಯಾವಾಗಿಂದ ಹೀಗೆ?"

"ರಾತ್ರಿ ಮಲಗುವಾಗ ಚೆನ್ನಾಗೇ ಇದ್ರು. ಬೆಳಿಗ್ಗೆ ಏಳ್ತಾನೇ ಕೈ ಭಾರ ಅಂದ್ರು."

ಮೂಲೆಯಲ್ಲಿ ಅಳತೆ ಟೇಪು ಸುತ್ತುತ್ತಿದ್ದ ದರ್ಜಿಯ ತಮ್ಮ ಎದ್ದು ಬಂದ. ಎಲ್ಲದಕ್ಕೂ ವಾದ ಹೂಡುವ ಅವನನ್ನು ಬೀದಿಯವರೆಲ್ಲ 'ಲಾಯರ್' ಅಂತಲೇ ಕರೆಯುವುದು.

"ಹಾಗಾದ್ರೆ ಮುಗೀತು ಬಿಡಿ. ನಿಮ್ಮ ಆಸ್ಪತ್ರೆ ಗೋಡೆ ಮೇಲೇ ಬರೆದಿದೆಯಲ್ಲ, ಲಕ್ವ ಹೊಡೆದು ನಾಲ್ಕೂವರೆ ಗಂಟೆ ಒಳಗೆ ಬಂದ್ರೆ ಇಂಜೆಕ್ಷನ್ ಅಂತ. ಅದು ಯಾವತ್ತೋ ದಾಟಿದೆ. ಅತ್ತಿಗೆ, ಸುಮ್ನೆ ಅಣ್ಣನ್ನ ಅಲೆಸ್ಬೇಡಿ. ಇಲ್ಲೇ ಎಣ್ಣೆ ಹಚ್ಚಿ ತಿಕ್ಕಿಸೋಣ."

ಅರ್ಧ ಓದಿದ ಬೋರ್ಡು ಅವನ ತಲೆಯಲ್ಲಿ ಪೂರ್ತಿ ಕಾನೂನಾಗಿ ಕೂತಿತ್ತು.

"ಲಾಯರೇ, ಅದನ್ನ ಬರೆದಿದ್ದು ಬೇಗ ಬನ್ನಿ ಅನ್ನೋಕೆ. ತಡವಾದ್ರೆ ಮನೇಲೇ ಬಿದ್ದಿರಿ ಅನ್ನೋಕಲ್ಲ," ನರ್ಸಿನ ದನಿ ಏರಿತು. "ಮಿದುಳಲ್ಲಿ ಎಷ್ಟು ಸತ್ತಿದೆ, ಎಷ್ಟು ರಕ್ತ ಸಾಲದೆ ಒದ್ದಾಡ್ತಾ ಇನ್ನೂ ಬದುಕಿದೆ ಅಂತ ತೋರಿಸೋ ಸ್ಕ್ಯಾನ್ ಈಗ ಇದೆ. ಬದುಕಿರೋ ಭಾಗ ಸಾಕಷ್ಟಿದ್ರೆ, ಒಂದು ದಿನದ ಒಳಗೆ ಬಂದ ಕೆಲವರಿಗೂ ಹೆಪ್ಪು ಕರಗಿಸೋ ಮದ್ದು ಕೊಡಬಹುದು. ಇನ್ನು ಕೆಲವರಿಗೆ ರಕ್ತನಾಳದೊಳಗೆ ಸಣ್ಣ ಕೊಳವೆ ಹಾಕಿ ಹೆಪ್ಪನ್ನೇ ಎಳೆದು ತೆಗೀತಾರೆ."

"ಗ್ಯಾರಂಟಿನಾ?"

"ಇಲ್ಲ. ಮದ್ದಿನಿಂದ ರಕ್ತ ಸೋರೋ ಅಪಾಯವೂ ಉಂಟು. ಅದಕ್ಕೇ ಅಳೆದು ತೂಗಿ ಕೊಡೋದು. ಆದ್ರೆ ಆಗಲ್ಲ ಅನ್ನಬೇಕಾದೋರು ಡಾಕ್ಟರು. ನೀವಲ್ಲ."

ಅತ್ತಿಗೆ ಮೈದುನನನ್ನೇ ದಿಟ್ಟಿಸಿದಳು. "ನಿಮ್ಮಣ್ಣನ ಕೈ ಹೋದ್ರೆ ನೀನು ಹೊಲೀತೀಯಾ? ಗುಂಡಿಗೊಂದು ಕಾಜಾ ನೆಟ್ಟಗೆ ಹಾಕೋಕೆ ಬರಲ್ಲ ನಿಂಗೆ. ಆಂಬುಲೆನ್ಸಿಗೆ ಫೋನ್ ಮಾಡು."

ಮಾಡಿದ. ಆಮೇಲೆ ಅಣ್ಣನಿಗೆ ನೀರು ತಂದ. ನರ್ಸ್ ತಡೆದಳು. "ಬೇಡ. ನುಂಗೋಕಾಗದೆ ಶ್ವಾಸಕೋಶಕ್ಕೆ ಹೋಗುತ್ತೆ."

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, ಕೊನೇ ಸಲ ಇವರು ಸರಿಯಾಗಿದ್ದದ್ದು ಯಾವಾಗ ಅಂತ. ಹೆಂಡತಿ ಹೇಳಿದಳು. ಸ್ಕ್ಯಾನ್ ಆಯಿತು. ಡಾಕ್ಟರ್ ಹೊರಗೆ ಬಂದರು.

"ಹೆಪ್ಪೇ. ಮಿದುಳಿನ ಸ್ವಲ್ಪ ಭಾಗ ಹೋಗಿದೆ, ತುಂಬಾ ಭಾಗ ಉಳಿಸೋ ಅವಕಾಶ ಇದೆ. ಮದ್ದು ಕೊಟ್ರೆ ಒಳಗೆ ರಕ್ತ ಸೋರಬಹುದು, ಅದನ್ನೂ ಹೇಳ್ತೀನಿ. ಏನ್ಮಾಡೋಣ?"

ಸೆರಗು ಹಿಂಡುತ್ತಿದ್ದ ಅವಳ ಕೈ ನಿಂತಿತು. "ಕೊಡಿ ಸಾರ್."

ಪವಾಡವೇನೂ ಆಗಲಿಲ್ಲ. ಮಾರನೇ ದಿನ ಬಲಗೈ ದಿಂಬಿನವರೆಗೆ ಎದ್ದಿತು, ನಡುಗುತ್ತ. ಅವಳು ಬಿಕ್ಕಿದಳು.

"ಮೂಗು... ಒರೆಸ್ಕೊಳ್ಳೇ," ಅಂದ ದರ್ಜಿ. ಮಾತು ನಿಧಾನ. ಆದರೆ ಒಂದೊಂದು ಅಕ್ಷರವೂ ತಿಳಿಯಿತು.

ಓದುವವರೇ, ಕೇಳುವವರೇ, ನಿಮಗೇ ಹೇಳುತ್ತಿರುವುದು. ಬಾಯಿ ಸೊಟ್ಟಗಾಯಿತೇ, ಕೈ ಸೋತಿತೇ, ಮಾತು ತೊದಲಿತೇ? ಆ ಕ್ಷಣವೇ ಆಂಬುಲೆನ್ಸ್ ಕರೆಯಿರಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಬಾಯಿಗೆ ನೀರೂ ಬೇಡ, ಮಾತ್ರೆಯೂ ಬೇಡ. ಬೇಗ ಹೋದಷ್ಟೂ ಹೆಚ್ಚು ಉಳಿಯುತ್ತದೆ. ಇನ್ನು ತಡವಾಗಿದ್ದರೆ, ಮಲಗಿ ಎದ್ದಾಗಲೇ ಹೀಗಿದ್ದರೆ? ಆಗಲೂ ಹೋಗಿ. ಓಡಿ ಹೋಗಿ. ಸಂಜೆ ನೋಡೋಣ, ನಾಳೆ ನೋಡೋಣ ಅಂದರೆ ಮಿದುಳು ಕಾಯುತ್ತ ಕೂರುವುದಿಲ್ಲ.