ನೀರು ನಿಂತ ಕುಳಿ

ಮಾನ್ಯ ವಾಚಕ ಮಹಾಶಯರ ಸನ್ನಿಧಿಯಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ಈ ಕಥೆಯಲ್ಲಿ ಕೊಲೆಯಿಲ್ಲ, ಕಳುವಾದ ವಜ್ರವಿಲ್ಲ, ಮುಸುಕಿನ ಆಗಂತುಕನೂ ಇಲ್ಲ. ನೆಲದಲ್ಲಿ ಕೊರೆದ ಒಂದು ಕಿರಿದಾದ ಕುಳಿಯುಂಟು, ಅದರ ಪಕ್ಕದಲ್ಲಿ ನಿಂತ ಅಣ್ಣತಂಗಿಯರುಂಟು. ಬಸ್ ನಿಲ್ದಾಣಗಳಲ್ಲಿ ಕೊಂಡ ಅಗ್ಗದ ಪತ್ತೇದಾರಿ ಪುಸ್ತಕಗಳಿಂದಲೇ ಓದು ಕಲಿತ ನಾನು, ಅವುಗಳ ಯಾವ ಪತ್ತೇದಾರನಲ್ಲೂ ಕಾಣದ ಧೈರ್ಯವನ್ನು ಅಲ್ಲಿ ಕಂಡೆನಾದ್ದರಿಂದ ಲೇಖನಿ ಹಿಡಿದಿದ್ದೇನೆ.

ತಂಗಿ ಮಣ್ಣು ಪರೀಕ್ಷೆಯ ಇಂಜಿನಿಯರು. ಅಣ್ಣ ಕೊರೆಯುವ ಯಂತ್ರದವನು. ಬಹುಕಾಲ ಕೊಳವೆಬಾವಿ ಕೊರೆದು, ಈಚೆಗಷ್ಟೇ ತಂಗಿಯ ಕೆಲಸಕ್ಕೆ ಜೊತೆಯಾದವನು. ಅವನ ವೇಗ ಕಂಡು ಜನ ಬಿರುಗಾಳಿ ಎಂದು ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಅವನ ಮೀಸೆ ತಾನಾಗಿ ಮೇಲೇಳುತ್ತಿತ್ತು. ಊರಿಂದೂರಿಗೆ ಅಲೆಯುತ್ತ ಬಂದ ನನ್ನನ್ನು ನೀರಿನ ಪಂಪು ನೋಡಿಕೊಳ್ಳಲು ಇಟ್ಟುಕೊಂಡಿದ್ದರು. ನನ್ನ ಜೇಬಿನಿಂದ ಸದಾ ಇಣುಕುವ ಪುಸ್ತಕವನ್ನು ಕಂಡು ಬಿರುಗಾಳಿ ನನಗೆ ಕಾದಂಬರಿ ಎಂದೇ ನಾಮಕರಣ ಮಾಡಿದ್ದ.

ನಿವೇಶನ ಒಬ್ಬ ನರ್ಸಮ್ಮನದು. ಎರಡು ಕೋಣೆಯ ಮನೆಯಲ್ಲೇ ಹೆರಿಗೆ ಮಾಡಿಸುತ್ತಿದ್ದ ಅವರಿಗೆ ಹಿತ್ತಲಿನಲ್ಲಿ ಮಹಡಿಯ ಹೆರಿಗೆಮನೆ ಕಟ್ಟಿಸುವ ಆಸೆ: ಕೆಳಗೆ ಹೆರಿಗೆ, ಮೇಲೆ ಹೆತ್ತವರಿಗೆ ನಿದ್ದೆ. ಸದ್ಯಕ್ಕೆ ಬಾಣಂತಿಯೊಬ್ಬಳು ಅಡುಗೆಮನೆಯಲ್ಲಿ, ಒಲೆಗೂ ಗೋಡೆಗೂ ನಡುವಣ ಮಂಚದಲ್ಲಿ ಮಲಗಿದ್ದಳು. ಪಕ್ಕದ ಕೋಣೆಯ ನರಳಾಟಕ್ಕೆ ಅವಳ ಕೂಸು ಬೆಚ್ಚಿ ಬೆಚ್ಚಿ ಎದ್ದು ಅಳುತ್ತಿತ್ತು. ಮಣ್ಣು ಗಟ್ಟಿಯೆಂದು ಇಂಜಿನಿಯರಮ್ಮ ಬರೆದುಕೊಟ್ಟರೆ ಮಹಡಿ. ಮೆತ್ತಗೆಂದರೆ ಅದೇ ನೆಲದ ಮಟ್ಟದ ಇನ್ನೊಂದೆರಡು ಕೋಣೆ, ಅಷ್ಟೇ.

ಮಣ್ಣಿನ ಬಲ ಅಳೆಯುವ ಪ್ರೆಶರ್‌ಮೀಟರ್ ಎಂಬ ಸಲಕರಣೆ ನೋಡಲು ಬಹಳ ಸಾಧು. ರಬ್ಬರಿನ ಅಂಗಿ ತೊಟ್ಟ ಉರುಳೆಯೊಂದನ್ನು ಕುಳಿಗಿಳಿಸುತ್ತಾರೆ. ಮೇಲಿನ ಪೆಟ್ಟಿಗೆಯಿಂದ ಒತ್ತಡ ಕೊಟ್ಟು ನೀರು ತುಂಬಿದರೆ ರಬ್ಬರು ಉಬ್ಬಿ ಸುತ್ತಲಿನ ಮಣ್ಣನ್ನು ಒತ್ತುತ್ತದೆ. ಮಣ್ಣು ಗಟ್ಟಿಯಾದರೆ ತಡೆದು ನಿಲ್ಲುತ್ತದೆ, ಪೆಟ್ಟಿಗೆಯ ಗಾಜಿನ ಕೊಳವೆಯಲ್ಲಿ ನೀರು ಅಷ್ಟಾಗಿ ಇಳಿಯದು. ಮೆತ್ತಗಾದರೆ ಸರಿದು ಜಾಗ ಬಿಡುತ್ತದೆ, ನೀರು ಸರಸರನೆ ಇಳಿಯುತ್ತದೆ. ಕುಳಿಗಿಳಿಸುವ ಮುನ್ನ ತಂಗಿ ಅದನ್ನು ದಪ್ಪ ಉಕ್ಕಿನ ಕೊಳವೆಯೊಳಗೆ ಉಬ್ಬಿಸಿ ನೋಡುತ್ತಿದ್ದಳು. ಏಕೆಂದು ಕೇಳಿದೆ. ಪೈಪು, ರಬ್ಬರು ತಾವೇ ಎಷ್ಟು ಹಿಗ್ಗುತ್ತವೆಂದು ತಿಳಿದು, ಅಷ್ಟನ್ನು ಕಳೆದ ಮೇಲೇ ಮಣ್ಣಿನ ಲೆಕ್ಕ ಎಂದಳು. ಊರವರ ಮೇಲೆ ಮಾತಾಡುವ ಮುನ್ನ ತನ್ನ ಹೊಟ್ಟೆಯುಬ್ಬರ ಅಳೆದುಕೊಳ್ಳುವ ಪ್ರಾಣಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಂದು ಬೆಳಿಗ್ಗೆ ಗಾಜಿನಲ್ಲಿ ನೀರು ನಿಲ್ಲಲೇ ಇಲ್ಲ. ರಬ್ಬರು ಕುಳಿಯ ಗೋಡೆ ಮುಟ್ಟುವಷ್ಟರಲ್ಲೇ ಅರ್ಧ ಖಾಲಿ. ಮುಟ್ಟಿದ ಮೇಲೂ ಬೆಣ್ಣೆಯನ್ನು ಒತ್ತಿದಂತೆ. ಬೇರೆ ಆಳಗಳಲ್ಲೂ ಅದೇ ಹಾಡು. ಹಿತ್ತಲ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದ ನರ್ಸಮ್ಮ ನಮ್ಮ ಮುಖಗಳನ್ನೇ ನೋಡುತ್ತಿದ್ದರು.

ತಂಗಿ ಉರುಳೆಯನ್ನು ಮೇಲೆತ್ತಿಸಿ, ರಬ್ಬರಿಗೆ ಮೆತ್ತಿದ ಕೆಸರನ್ನು ಬೆರಳುಗಳ ನಡುವೆ ತಿಕ್ಕಿದಳು. ಕೊರೆದಾಗ ಹೊರಬಿದ್ದ ಮಣ್ಣಿನ ರಾಶಿಯಿಂದ ಹೆಂಟೆಯೊಂದನ್ನು ಆರಿಸಿ ಹೆಬ್ಬೆರಳಿನಿಂದ ಒತ್ತಿದಳು. ಅದು ಜಗ್ಗಲಿಲ್ಲ.

"ಅಣ್ಣ, ಈ ಹೋಲು ಯಾವಾಗ ಹೊಡೆದಿದ್ದು?"

"ನಿನ್ನೆ ಸಂಜೆ, ನೀನು ಸಾಮಾನು ತರೋಕೆ ಹೋಗಿದ್ದಾಗ. ಪೂರ್ತಿ ಆಳ, ಒಂದೇ ಉಸಿರಿಗೆ. ಗೋಡೆ ಕುಸೀಬಾರದು ಅಂತ ನೀರೂ ತುಂಬಿಸಿಟ್ಟೆ. ನೀನು ಬಂದು ಕಾಯೋ ಹಾಗಾಗಬಾರದಲ್ಲ, ಪುಟ್ಟಿ."

ಬಾವಿ ಕೊರೆಯುವವನಿಗೆ ಕುಳಿಯಲ್ಲಿ ನೀರು ಕಂಡರೆ ಸಂಭ್ರಮ. ಇಲ್ಲಿ ಅದೇ ನೀರು ರಾತ್ರಿಯೆಲ್ಲ ಜೇಡಿಯ ಗೋಡೆಯನ್ನು ನೆನೆಸಿ ಮುದ್ದೆ ಮಾಡಿತ್ತು. ಒಂದಿಷ್ಟು ಕೊರೆದು, ಕೂಡಲೇ ಒತ್ತಿ ನೋಡಿ, ಮತ್ತೆ ಒಂದಿಷ್ಟು ಕೊರೆಯುವುದೇ ಈ ಕಸುಬಿನ ಪದ್ಧತಿಯೆಂದು ತಂಗಿ ಮೆಲುದನಿಯಲ್ಲಿ ವಿವರಿಸಿದಳು. ಮೀಸೆ ಇಳಿಯಿತು. ಬಿರುಗಾಳಿ ನನ್ನತ್ತ ಓರೆನೋಟ ಬೀರಿ, ತಂಗಿಯ ಹತ್ತಿರ ಸರಿದು ದನಿ ತಗ್ಗಿಸಿದ.

"ಮಣ್ಣಿನ ಬಲ ಹೆಚ್ಚು ಬರ್ಕೊಟ್ರೆ ಮನೆ ಬೀಳುತ್ತೆ. ಕಡಿಮೆ ಬರ್ಕೊಟ್ರೆ ಏನು ಬೀಳುತ್ತೆ ಹೇಳು? ಯಾರೂ ನಿನ್ನ ಕೇಳಲ್ಲ. ಹಾಗೇ ಬಿಟ್ಟುಬಿಡು."

ಅವನೆಂದದ್ದು ಸುಳ್ಳಲ್ಲ. ಕಡಿಮೆ ಅಂಕಿ ಬರೆದವರನ್ನು ಯಾವ ಗೋಡೆಯೂ ಬಿರುಕುಬಿಟ್ಟು ದೂರುವುದಿಲ್ಲ. ತಂಗಿ ಅಡುಗೆಮನೆಯ ಕಿಟಕಿಯತ್ತ ನೋಡಿದಳು; ಕೂಸು ಮತ್ತೆ ಅಳುತ್ತಿತ್ತು.

"ಕೆಡಿಸಿದ್ದು ನಾವು. ಮೆತ್ತಗೆ ಅನ್ನೋ ಹೆಸರು ಮಣ್ಣಿಗಾ, ಅಣ್ಣ?"

ಅವಳು ನೇರವಾಗಿ ನರ್ಸಮ್ಮನ ಬಳಿಗೆ ನಡೆದಳು. ಬೆಳಗಿನ ಅಂಕಿಗಳನ್ನು ಒಪ್ಪಿಸುವುದಿಲ್ಲ, ಕುಳಿ ನಮ್ಮ ಕೈಯಲ್ಲೇ ಹಾಳಾಗಿದೆ, ಹೊಸದು ಕೊರೆಯುತ್ತೇವೆ, ಅದರಲ್ಲೂ ಮಣ್ಣು ಮೆತ್ತಗೇ ಬಂದರೆ ಮಹಡಿಯ ಆಸೆ ಬಿಡಬೇಕಾದೀತು ಎಂದು ತಲೆಯೆತ್ತಿಯೇ ಹೇಳಿದಳು. ನಾವು ಎಂದಳೇ ಹೊರತು ಅಣ್ಣನತ್ತ ಬೆರಳು ತೋರಲಿಲ್ಲ. ಅಣ್ಣನೇ ಬಂದು ಪಕ್ಕದಲ್ಲಿ ನಿಂತ.

"ಅವಳದ್ದೇನಿಲ್ಲ ನರ್ಸಮ್ಮ. ಆತುರ ಬಿದ್ದೋನು ನಾನು."

ನರ್ಸಮ್ಮ ಬಟ್ಟೆ ಕೊಡವಿ ತಂತಿಯ ಮೇಲೆ ಹರವಿದರು. "ಆತುರದೋರನ್ನ ನಾನು ದಿನಾ ನೋಡ್ತೀನಪ್ಪ. ಎಲ್ಲಾ ಗಂಡಂದಿರೂ ನಿನ್ನ ಹಾಗೇ, ಬಾಗಿಲಲ್ಲಿ ನಿಂತು ಆಯ್ತಾ ಆಯ್ತಾ ಅಂತಾರೆ. ಕೊರೀರಿ, ನಾನು ಕಾಯ್ತೀನಿ."

ಯಂತ್ರವನ್ನು ಹಿತ್ತಲಿನ ಇನ್ನೊಂದು ಮಗ್ಗುಲಿಗೆ ಎಳೆದೆವು. ಬಿರುಗಾಳಿ ಹಲ್ಲು ಕಚ್ಚಿ, ಕುದುರೆಯ ಲಗಾಮು ಬಿಗಿಹಿಡಿದವನಂತೆ, ಒಂದಿಷ್ಟೇ ಕೊರೆದು ನಿಲ್ಲಿಸಿದ. ಕಾದಂಬರಿಯಲ್ಲಿ ಕಣ್ಣೀರು ಸುರಿಸಿದ ಹಾಗೆ ನೀರು ಸುರಿಸಬೇಡವೆಂದು ನನಗೂ ಒಂದು ಬಿಸಿ ಮುಟ್ಟಿಸಿ, ಕೈಕಟ್ಟಿ ನಿಂತ.

ಉರುಳೆ ಇಳಿಯಿತು. ತಂಗಿ ಒತ್ತಡ ಏರಿಸಿದಳು. ಗಾಜಿನಲ್ಲಿ ನೀರು ಕೊಂಚ ಇಳಿದು ನಿಂತಿತು. ಮತ್ತೆ ಏರಿಸಿದಳು, ಕೂದಲೆಳೆಯಷ್ಟು ಸರಿದು ಮತ್ತೆ ನಿಂತಿತು. ಬಿರುಗಾಳಿ ಕಟ್ಟಿದ ಕೈ ಬಿಚ್ಚುವನು, ಮತ್ತೆ ಕಟ್ಟುವನು. ಅವಳಿಗೆ ಮಾತ್ರ ಅವಸರವಿಲ್ಲ. ಗಡಿಯಾರ ನೋಡುವಳು, ಗಾಜಿಗೆ ಕಣ್ಣು ಸಮಮಾಡಿ ಬಗ್ಗುವಳು, ಬರೆಯುವಳು. ಬಹಳ ಒತ್ತಿದ ಮೇಲಷ್ಟೇ ಮಣ್ಣು ಸೋಲೊಪ್ಪಿತು. ಆಳದಲ್ಲಿ ಒಂದು ಪದರ ನಿಜವಾಗಿಯೂ ಮೆತ್ತಗಿತ್ತು. ಅದನ್ನೂ ಇದ್ದಂತೆಯೇ ಬರೆದಳು. ಗಟ್ಟಿಯೆಂದು ಬರೆದಾಗಲೂ ಮೆತ್ತಗೆಂದು ಬರೆದಾಗಲೂ ಅವಳ ಕೈ ಒಂದೇ ಹದದಲ್ಲಿ ನಡೆಯಿತು. ನನ್ನ ಮನಸ್ಸನ್ನು ಗೆದ್ದದ್ದು ಅದೇ.

ಉಳಿದ ಮೂಲೆಗಳ ಪರೀಕ್ಷೆಯೂ ಮುಗಿದು ಲೆಕ್ಕವಾಯಿತು. ನಕ್ಷೆಯಲ್ಲಿದ್ದುದಕ್ಕಿಂತ ಪಾಯ ಅಗಲವಾಗಬೇಕು. ಹಾಗಾದರೆ ಮಹಡಿ ಕಟ್ಟಬಹುದು. ನರ್ಸಮ್ಮ ಅಡುಗೆಮನೆಗೆ ಹೋಗಿ, ಮುಂದಿನ ಹೆರಿಗೆಗೆ ನಿನಗೆ ಮೇಲಿನ ಕೋಣೆ ಎಂದು ಬಾಣಂತಿಗೆ ಸುದ್ದಿ ಮುಟ್ಟಿಸಿದರು.

"ಮುಂದಿನದು ಬೇರೇನಾ? ನಂಗೆ ನಿದ್ದೆ ಮಾಡೋಕೆ ಮಾತ್ರ ಕೊಡಿ ಸಾಕು," ಎಂದಳು ಅವಳು.

ಪಕ್ಕದ ನಿವೇಶನದವರೂ ತಂಗಿಗೇ ಪರೀಕ್ಷೆ ಒಪ್ಪಿಸಿದರು. ಬಿರುಗಾಳಿ ನನ್ನನ್ನು ಕಾಯಮ್ಮಾಗಿ ಉಳಿಯಲು ಕರೆದ. ಒಂದೇ ಕಡೆ ಹೆಚ್ಚು ಹೊತ್ತು ನಿಂತರೆ ನನಗೂ ಆ ಕುಳಿಯ ಗತಿಯೇ ಎಂದೆ. ಹೊದಿಕೆ ಸುತ್ತಿ, ಬಟ್ಟೆ ತುರುಕಿ, ಓದಿ ಮುಗಿಸಿದ ಪತ್ತೇದಾರಿಯನ್ನು ಬಾಣಂತಿಗೆಂದು ಕಿಟಕಿಯಲ್ಲಿಟ್ಟು, ಚೀಲ ಹೆಗಲಿಗೇರಿಸಿದೆ. ಗೇಟು ದಾಟುವಾಗ ಪಕ್ಕದಲ್ಲಿ ಯಂತ್ರ ಗುಡುಗಿ, ಸ್ವಲ್ಪದರಲ್ಲೇ ನಿಂತಿತು.

"ಆಯ್ತಾ, ಪುಟ್ಟಿ?" ಎಂದು ಅಣ್ಣ ಕೇಳುವುದು ಕೇಳಿಸಿತು.

ಅವಳಿನ್ನೂ ಗಾಜಿಗೆ ಕಣ್ಣು ಸಮಮಾಡಿ ಬಗ್ಗಿದ್ದಳೇನೋ, ಯಂತ್ರ ಹೊರಡಲಿಲ್ಲ. ರಸ್ತೆಯ ತಿರುವಿನವರೆಗೂ ಕಿವಿಗೊಟ್ಟು ನಡೆದೆ.