ಹೆಣ್ಣಿನ ಕಡೆಯ ಬಾಯಿ

"ದಾರಿ ತಪ್ಪಿ ಬಂದ್ರಾ, ಇಲ್ಲ ನಮ್ಮನೇಲಿ ಊಟ ಅಂತ ಗೊತ್ತಾಗಿ ಬಂದ್ರಾ?"

ಮೈಕು ಹಿಡಿದು ಲುಬ್ವಾಮ ಕೇಳಿದ್ದೇ ತಡ, ಶಾಮಿಯಾನದಡಿ ಹೆಣ್ಣಿನ ಕಡೆಯವರೆಲ್ಲ ಘೊಳ್ಳೆಂದು ನಕ್ಕರು. ಗಂಡಿನ ಕಡೆಯವರು ಬಿಳಿ ನಿಲುವಂಗಿಯಲ್ಲಿ ಗೇಟಿನ ಹೊರಗೆ ಬೇಯುತ್ತಿದ್ದರು. ಹೆಣ್ಣು ಕೇಳಲು ಬಂದವರನ್ನು ಮಾತಿನಲ್ಲೇ ಸತಾಯಿಸಿ ಒಳಗೆ ಬಿಟ್ಟುಕೊಳ್ಳುವುದು ನಮ್ಮಲ್ಲಿನ ಮರ್ಯಾದೆ. ಅದಕ್ಕೊಂದು ಬಾಯಿ ಬೇಕು. ನಮ್ಮ ಮಸಾಕಾ ಊರಿನ ಸುತ್ತಮುತ್ತ ಲುಬ್ವಾಮನಂಥ ಬಾಯಿ ಇನ್ನೊಂದಿಲ್ಲ.

ಆ ಬಾಯಿ ನಾಲ್ಕು ವರ್ಷ ಮುಚ್ಚಿತ್ತು. ಇಂಥದೇ ಒಂದು ಸಮಾರಂಭದಲ್ಲಿ ಶುರುವಾದ ಮಾತು ಆಗ ಮೂರು ದಿನ ನಿಲ್ಲಲೇ ಇಲ್ಲ. ನಿದ್ದೆ ಬಿಟ್ಟು, ಸೈಕಲ್ಲು ಚಪ್ಪಲಿ ಕಂಡವರಿಗೆ ಕೊಟ್ಟು, ಸರೋವರದ ದಡದಲ್ಲಿ ಮೀನುಬಲೆಗಳಿಗೆ ಭಾಷಣ ಬಿಗಿಯುತ್ತಿದ್ದವನನ್ನು ಅಕ್ಕ ನಕಿಟ್ಟೊ ಆಸ್ಪತ್ರೆಗೆ ಸೇರಿಸಿದ್ದಳು. ಔಷಧಿ ನಾಟಿತು. ಆದರೆ ಮತ್ತೆ ಬಂದೀತೆಂಬ ಹೆದರಿಕೆಗೆ ಅವನು ಬಾಯಿಗೆ ಬಂದ ತಮಾಷೆಯನ್ನೂ ನುಂಗಿಕೊಂಡು ಬದುಕಿದ. ಈಗ ಮದುವೆಯ ಹುಡುಗಿ, ತಮ್ಮನ ಮಗಳು ನಬ್ಬೋಸ, ದೊಡ್ಡಪ್ಪ ಮಾತಾಡದಿದ್ದರೆ ಕೋಣೆಯಿಂದ ಹೊರಗೇ ಬರುವುದಿಲ್ಲ ಎಂದು ಕೂತಳು. ನಕಿಟ್ಟೊ ಬೇಡವೇ ಬೇಡ ಎಂದಳು. ಮಾತ್ರೆ, ನಿದ್ದೆ ತಪ್ಪಿಸದಿದ್ದರೆ ಅಡ್ಡಿಯಿಲ್ಲ, ಮೊದಲ ಸುಳಿವು ಅವನಿಗೇ ಗೊತ್ತಾಗುತ್ತದೆ ಎಂದು ನರ್ಸ್ ಹೇಳಿದ ಮೇಲೂ ಅವಳು ಒಪ್ಪಿದ್ದು ಅರೆಮನಸ್ಸಿನಿಂದಲೇ.

ಗಂಡಿನ ಕಡೆಯ ಮಾತುಗಾರ ಕಿಯಿಂಬ ಗೇಟಿನಾಚೆಯಿಂದ ಕೂಗಿದ: "ಅಣ್ಣಾ, ಈ ಬಾಯಿಗೆ ಆಸ್ಪತ್ರೆಯವ್ರು ಬೀಗ ಹಾಕಿದ್ರಂತೆ!"

ನಗು ಅಲ್ಲಿಗೇ ನಿಂತಿತು. ನಕಿಟ್ಟೊ ಕುರ್ಚಿಯಿಂದ ಎದ್ದೇಬಿಟ್ಟಳು.

"ಹಾಕಿದ್ರಪ್ಪಾ," ಎಂದ ಲುಬ್ವಾಮ. "ನೆಟ್ಟಗಾದೆ ಅಂತ ಡಾಕ್ಟ್ರು ಚೀಟಿ ಬರ್ಕೊಟ್ಟಿದ್ದಾರೆ. ನಿನ್ ತಲೆ ನೆಟ್ಟಗಿದೆ ಅನ್ನೋಕೆ ನಿನ್ ಹತ್ರ ಯಾವ ಚೀಟಿ ಇದೆ?"

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಿಯಿಂಬನೇ. "ಇನ್ನೊಂದು! ಇನ್ನೊಂದು!" ಎಂದು ಜನ ಕೂಗಿದರು.

ಇನ್ನೊಂದೇನು, ಹತ್ತು ಬಂದವು. ಒಂದು ಮುಗಿಯುವ ಮೊದಲೇ ಮತ್ತೊಂದು ನುಗ್ಗಿ, ಮೈಯೆಲ್ಲ ಬಿಸಿಯಾಗಿ, ನೆಲ ಕಾಲಿಗೆ ತಾಗುತ್ತಿಲ್ಲ ಅನ್ನಿಸಿತು. ಎಂಥಾ ಸುಖ ಅದು! ಆ ಸುಖದ ಗುರುತು ಅವನಿಗೆ ಚೆನ್ನಾಗಿತ್ತು. ಹೋದ ಸಲ ಅವನು ನಿಲ್ಲಿಸದೆ ಹೋದದ್ದು ಸರಿಯಾಗಿ ಇಲ್ಲೇ.

"ಸಾಕು," ಎಂದ. "ಒಳಗೆ ಬನ್ನಿ, ಕೂತ್ಕೊಳ್ಳಿ."

"ಗೆಲ್ಲೋ ಆಟಾನ ಅರ್ಧಕ್ಕೇ ಬಿಟ್ಯಲ್ಲೋ!" ಎಂದು ಮುದುಕರು ಗೊಣಗಿದರು. ಲುಬ್ವಾಮ ಮೈಕನ್ನು ತಮ್ಮನ ಕೈಗಿಟ್ಟು, ಮಾವಿನ ನೆರಳಿಗೆ ಹೋಗಿ ನೀರು ಕುಡಿದ. ಹಿಂದೆಯೇ ಓಡಿ ಬಂದ ನಕಿಟ್ಟೊ ಅವನ ಮುಖವನ್ನೇ ನೋಡಿದಳು.

"ನಿಜ ಹೇಳು, ಬಂದಿತ್ತಾ?"

"ಬಾಗಿಲ ತನಕ ಬಂದಿತ್ತು, ಅಕ್ಕಾ. ನಾನೇ ವಾಪಸ್ ಕಳಿಸ್ದೆ."

ನಾಲ್ಕು ವರ್ಷದಿಂದ ತಡೆದಿದ್ದ ಅಳುವನ್ನು ಅವಳು ಅಲ್ಲಿ ನಿಂತು ಅತ್ತಳು. ಹೆಮ್ಮೆ ಮುಖದಲ್ಲಿ ಹಿಡಿಸದೆ ಅವನು ನಗುತ್ತಿದ್ದ.

ಊಟವಾದ ಮೇಲೆ ಕಿಯಿಂಬ ಹುಡುಕಿಕೊಂಡು ಬಂದ. "ಜನವರೀಲಿ ನನ್ ಮಗಳನ್ನ ಕೇಳೋಕೆ ಬರ್ತಾರೆ. ನಮ್ ಪರವಾಗಿ ನೀನೇ ಮಾತಾಡ್ಬೇಕು."

"ಬೆಳಿಗ್ಗೇನೇ ಶುರು ಮಾಡಿ. ರಾತ್ರಿ ಎಂಟಕ್ಕೆಲ್ಲ ನಾನು ಮಲಗ್ಬೇಕು."

"ಅಷ್ಟೇ ತಾನೆ? ಯಾವ ದಿನ ಇಟ್ಕೊಳ್ಳೋಣ?"

ಲುಬ್ವಾಮ ಬಾಯಿ ತೆರೆಯುವಷ್ಟರಲ್ಲಿ ನಕಿಟ್ಟೊ ನಡುಪಟ್ಟಿಯ ತುದಿಯಿಂದ ಮೂಗೊರೆಸಿಕೊಂಡು ಹೇಳಿದಳು: "ಎರಡನೇ ಶನಿವಾರ. ಅವತ್ತು ಅವನಿಗೆ ಬಿಡುವಿದೆ."